‘ನಾವು’ ಕೊಟ್ಟ 75 ಮಿಲಿಯನ್ ಪೌಂಡು



ಶ್ರಮ ಮತ್ತು ವಲಸೆಯನ್ನು ಕುರಿತ ಈ ಉಪನ್ಯಾಸ ಮಾಲಿಕೆಯಲ್ಲಿ ಫುಟ್‌ಬಾಲ್ ಬಗ್ಗೆ ಮಾತನಾಡುತ್ತೇನೆ ಎಂದಾಗ ಸಂಘಟಕರು ಒಂದು ಕ್ಷಣ ಸುಮ್ಮನಾದರು. ಹಿಂದಿನ ಸಭೆಯಲ್ಲಿ ಕೊಲ್ಲಿ ರಾಷ್ಟ್ರಗಳ ಕಟ್ಟಡ ಕಾರ್ಮಿಕರ ಬಗ್ಗೆ ಮಾತು ನಡೆದಿತ್ತು. ಅದರ ಬೆನ್ನಿಗೇ ವಾರಕ್ಕೆ ಲಕ್ಷಾಂತರ ಪೌಂಡು ಎಣಿಸುವವರ ವಿಷಯ ಬಂದರೆ ಕೇಳುವವರಿಗೆ ಮುಜುಗರವಾಗುವುದು ಸಹಜ. ಆದರೆ ನನ್ನ ವಿಷಯ ಆಟಗಾರರಿಗಿಂತ ಹೆಚ್ಚಾಗಿ ಅವರ ಬಗ್ಗೆ ಮಾತನಾಡುವ ಜನ. ಒಬ್ಬ ಆಟಗಾರನನ್ನು ತರಲು ಎಷ್ಟು ಕೊಡಬೇಕು, ಎಷ್ಟು ಬಂದರೆ ಬಿಡಬೇಕು ಎಂದು ದುಡಿಯುವ ಜನ ಗಂಟೆಗಟ್ಟಲೆ ಚರ್ಚಿಸುತ್ತಾರಲ್ಲ, ಆ ಚರ್ಚೆಯಲ್ಲಿ ಅವರು ಯಾರ ಪಕ್ಕದಲ್ಲಿ ನಿಂತಿರುತ್ತಾರೆ ಎಂಬುದು ನನ್ನ ಪ್ರಶ್ನೆ.

‘ವರ್ಗಾವಣೆ’ ಎಂಬ ಪದ ಕನ್ನಡಿಗರ ಕಿವಿಗೆ ಬಿದ್ದರೆ ಮೊದಲು ನೆನಪಾಗುವುದು ಮೇಷ್ಟರು, ಪೊಲೀಸ್ ಇನ್ಸ್‌ಪೆಕ್ಟರು, ತಹಶೀಲ್ದಾರರು. ಆಮೇಲೆ ‘ವರ್ಗಾವಣೆ ದಂಧೆ’ ಎಂದು ವಿರೋಧ ಪಕ್ಷದವರು ವರ್ಷವರ್ಷ ಮಾಡುವ ಆರೋಪ. ಫುಟ್‌ಬಾಲಿನ ವರ್ಗಾವಣೆ ಬೇರೆ ಬಗೆಯದು. ಅಲ್ಲಿ ಇಬ್ಬರು ಮಾಲೀಕರು ಒಬ್ಬ ಕೆಲಸಗಾರನ ಒಪ್ಪಂದವನ್ನು ಕೈಯಿಂದ ಕೈಗೆ ದಾಟಿಸುತ್ತಾರೆ, ದಾಟಿಸಿದ್ದಕ್ಕೆ ಹಣ ಕೊಟ್ಟು ಪಡೆಯುತ್ತಾರೆ. ನಮ್ಮ ಅನುಭವಕ್ಕೆ ಇದಕ್ಕಿಂತ ಹತ್ತಿರದ ಚಿತ್ರ ಘಾಟಿ ಸುಬ್ರಹ್ಮಣ್ಯದಂಥ ದನಗಳ ಜಾತ್ರೆಯದು. ಟವೆಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಹೇಳುವುದು, ದಲ್ಲಾಳಿ ಇಬ್ಬರ ನಡುವೆ ಓಡಾಡುವುದು, ಸುತ್ತ ನಿಂತವರು ಹಲ್ಲು ನೋಡಿ, ಸುಳಿ ನೋಡಿ, ನಡಿಗೆ ನೋಡಿ ತಮ್ಮತಮ್ಮ ಅಂದಾಜು ಹೇಳುವುದು. ಸುತ್ತ ನಿಂತವರ ಜೇಬಿನಿಂದ ಒಂದು ರೂಪಾಯಿಯೂ ಹೋಗುವುದಿಲ್ಲ, ಒಂದು ರೂಪಾಯಿಯೂ ಬರುವುದಿಲ್ಲ. ಆದರೂ ವ್ಯಾಪಾರದಲ್ಲಿ ಅವರ ಮೈಯೆಲ್ಲ ಕಣ್ಣು.

ಒಂದು ನಿಜವಾದ ಪ್ರಸಂಗವನ್ನು ಹಿಡಿದು ಮಾತನಾಡೋಣ. 2017ರ ಬೇಸಿಗೆಯಿಂದ ಆ ವರ್ಷದ ಕೊನೆಯವರೆಗೆ ಲಿವರ್‌ಪೂಲ್ ಕ್ಲಬ್ಬಿನ ಅಭಿಮಾನಿಗಳ ನಾಲಿಗೆಯ ಮೇಲೆ ಇದ್ದದ್ದು ಒಂದೇ ಹೆಸರು: ವರ್ಜಿಲ್ ವಾನ್ ಡೈಕ್. ನೆದರ್‌ಲೆಂಡ್ಸಿನ ಬ್ರೆಡಾ ಊರಿನ ಹುಡುಗ. ತಾಯಿ ಸುರಿನಾಮ್ ಮೂಲದವರು. ಹದಿಹರೆಯದಲ್ಲಿ ಊರಿನ ಹೋಟೆಲೊಂದರಲ್ಲಿ ಪಾತ್ರೆ ತೊಳೆಯುತ್ತಿದ್ದವರು. ಗ್ರೋನಿಂಗನ್ ಕ್ಲಬ್ಬಿನಿಂದ 2013ರಲ್ಲಿ ಸ್ಕಾಟ್‌ಲೆಂಡಿನ ಸೆಲ್ಟಿಕ್ ಅವರನ್ನು ಕೊಂಡದ್ದು ಸುಮಾರು 2.6 ಮಿಲಿಯನ್ ಪೌಂಡಿಗೆ. 2015ರಲ್ಲಿ ಸೌತಾಂಪ್ಟನ್ ಸೆಲ್ಟಿಕ್‌ಗೆ ಕೊಟ್ಟದ್ದು ಸುಮಾರು 13 ಮಿಲಿಯನ್. ಮುಂದಿನ ಮೇ ತಿಂಗಳಲ್ಲಿ ಸೌತಾಂಪ್ಟನ್ ಅವರಿಂದ ಆರು ವರ್ಷದ ಹೊಸ ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡಿತು. ಅಂದರೆ 2017ರಲ್ಲಿ ಲಿವರ್‌ಪೂಲಿನ ಕಣ್ಣು ಬಿದ್ದಾಗ ಕಟ್ಟಿದ ಹಗ್ಗ ಇನ್ನೂ ಉದ್ದವಿತ್ತು.

ಆ ಜೂನ್ ತಿಂಗಳಲ್ಲಿ, ತನ್ನ ಅನುಮತಿಯಿಲ್ಲದೆ ಆಟಗಾರನನ್ನು ಸಂಪರ್ಕಿಸಲಾಗಿದೆ ಎಂದು ಸೌತಾಂಪ್ಟನ್ ಪ್ರೀಮಿಯರ್ ಲೀಗಿಗೆ ದೂರು ಕೊಟ್ಟಿತು. ಲಿವರ್‌ಪೂಲ್ ಬಹಿರಂಗವಾಗಿ ಕ್ಷಮೆ ಕೇಳಿ, ಈ ಆಟಗಾರನಲ್ಲಿ ನಮಗಿನ್ನು ಆಸಕ್ತಿಯಿಲ್ಲ ಎಂದು ಹೇಳಿಕೆ ಹೊರಡಿಸಿತು. ಒಬ್ಬ ಕೆಲಸಗಾರನ ಹತ್ತಿರ ‘ನಮ್ಮಲ್ಲಿಗೆ ಬರುತ್ತೀರಾ’ ಎಂದು ಕೇಳಿದ್ದಕ್ಕೆ ಇನ್ನೊಬ್ಬ ಮಾಲೀಕನ ಕ್ಷಮೆ ಕೇಳಬೇಕು. ಈ ವಿಚಿತ್ರವನ್ನು ಆಗ ಯಾರೂ ವಿಚಿತ್ರವೆಂದು ಹೇಳಲಿಲ್ಲ. ಆಗಸ್ಟಿನಲ್ಲಿ ವಾನ್ ಡೈಕ್ ತಾವಾಗಿಯೇ ಬಿಡುಗಡೆ ಬೇಕೆಂದು ಬರೆದುಕೊಟ್ಟರು. ಸೌತಾಂಪ್ಟನ್ ಬಿಡಲಿಲ್ಲ. ತಂಡದಿಂದ ಬೇರೆಯಾಗಿ ಒಬ್ಬರೇ ಅಭ್ಯಾಸ ಮಾಡುವ ಸ್ಥಿತಿ ಬಂತು. ಇದೇ ಹೊತ್ತಿನಲ್ಲಿ ಸೌತಾಂಪ್ಟನ್ನಿನ ಶೇ. 80ರಷ್ಟು ಒಡೆತನ ಚೀನಾದ ಉದ್ಯಮಿಯೊಬ್ಬರ ಕೈಗೆ ಹೋಯಿತು. ಕ್ಲಬ್ಬು ಮಾಲೀಕನನ್ನು ಬದಲಿಸಲು ಆಟಗಾರನ ಒಪ್ಪಿಗೆ ಬೇಕಾಗಲಿಲ್ಲ. ಆಟಗಾರ ಕ್ಲಬ್ಬನ್ನು ಬದಲಿಸಲು ಮಾಲೀಕನ ಒಪ್ಪಿಗೆ ಬೇಕಾಗಿತ್ತು.

ಈಗ ಅಭಿಮಾನಿಗಳ ಮಾತಿಗೆ ಬರುತ್ತೇನೆ. ಇಂಗ್ಲೆಂಡಿನ ಉತ್ತರ ಭಾಗದಲ್ಲಿ ಬದುಕುವವರಿಗೆ ಈ ಮಾತು ಕ್ಷೌರದಂಗಡಿಯಲ್ಲಿ, ಬಸ್ಸಿನಲ್ಲಿ, ಕಚೇರಿಯ ಊಟದ ಕೋಣೆಯಲ್ಲಿ ಬೇಡವೆಂದರೂ ಕೇಳಿಸುತ್ತದೆ. ಆ ಶರತ್ಕಾಲದಲ್ಲಿ ಲಿವರ್‌ಪೂಲಿನ ರಕ್ಷಣಾ ಸಾಲು ಹರಿದ ಬಲೆಯಂತಿತ್ತು. ಮ್ಯಾಂಚೆಸ್ಟರ್ ಸಿಟಿಯ ಎದುರು ಐದು ಗೋಲು ತಿಂದರು. ವೆಂಬ್ಲಿಯಲ್ಲಿ ಟಾಟನ್‌ಹ್ಯಾಮ್ ಎದುರು 4-1ರಿಂದ ಸೋತರು. ಅಂದು ಡೆಯಾನ್ ಲೋವ್ರೆನ್ ಅವರನ್ನು ಅರ್ಧ ಗಂಟೆಗೇ ಮೈದಾನದಿಂದ ಕರೆಸಿಕೊಳ್ಳಬೇಕಾಯಿತು. ಸೆವಿಯಾದಲ್ಲಿ 3-0 ಮುಂದಿದ್ದು 3-3ಕ್ಕೆ ಇಳಿದರು. ಒಂದೊಂದು ಪಂದ್ಯ ಮುಗಿದಾಗಲೂ ಅಂದಾಜು ಬದಲಾಗುತ್ತಿತ್ತು. ಬೇಸಿಗೆಯಲ್ಲಿ 60 ಮಿಲಿಯನ್ ಎಂದು ಪತ್ರಿಕೆಗಳು ಬರೆದಾಗ ‘ಒಬ್ಬ ಡಿಫೆಂಡರಿಗೆ ಅಷ್ಟೇ? ಹುಚ್ಚೇ?’ ಎಂದವರು ನವೆಂಬರಿನಲ್ಲಿ ‘ಎಷ್ಟಾದರೂ ಕೊಟ್ಟು ತನ್ನಿ’ ಎನ್ನುತ್ತಿದ್ದರು. ‘ಬೇರೆ ಯಾರನ್ನಾದರೂ ತರಬಹುದಿತ್ತು’ ಎಂಬವರೊಂದು ಪಕ್ಷ, ‘ಸರಿಯಾದವನು ಸಿಗುವವರೆಗೆ ಕಾಯಬೇಕು’ ಎಂಬವರೊಂದು ಪಕ್ಷ. ಕೊನೆಗೆ ಡಿಸೆಂಬರ್ 27ರಂದು ಒಪ್ಪಂದ ಪ್ರಕಟವಾಯಿತು: 75 ಮಿಲಿಯನ್ ಪೌಂಡು, ಅಲ್ಲಿಯವರೆಗೆ ಯಾವ ರಕ್ಷಣಾ ಆಟಗಾರನಿಗೂ ಕೊಡದಿದ್ದ ಮೊತ್ತ. ಕೆಲವೇ ದಿನಗಳಲ್ಲಿ ಫಿಲಿಪ್ ಕುಟಿನ್ಯೋ ಅವರನ್ನು ಬಾರ್ಸಿಲೋನಾಗೆ ಅದರ ಹೆಚ್ಚುಕಡಿಮೆ ಎರಡು ಪಟ್ಟಿಗೆ ಮಾರಿದರು. ಅಭಿಮಾನಿಗಳು ಕೂಡಿಸಿ ಕಳೆದು ‘ನಮಗೆ ಲಾಭವೇ ಆಯಿತು’ ಎಂದರು.

‘ನಮಗೆ’. ಈ ಒಂದು ಪದದ ಹತ್ತಿರ ಸ್ವಲ್ಪ ನಿಲ್ಲೋಣ.

‘ನಾವು ಗೆದ್ದೆವು’ ಎಂದು ಅಭಿಮಾನಿ ಹೇಳಿದಾಗ ಅದರಲ್ಲಿ ಸತ್ಯವಿದೆ. ಆನ್‌ಫೀಲ್ಡಿನ ಗದ್ದಲ ಎದುರಾಳಿಯ ಕಾಲು ನಡುಗಿಸುತ್ತದೆ. ಆ ಗೆಲುವಿನಲ್ಲಿ ಕೂಗಿದವನಿಗೂ ಪಾಲಿದೆ. ಆದರೆ ‘ನಾವು 75 ಕೊಟ್ಟೆವು’, ‘ನಮಗೆ 142 ಬಂತು’ ಎನ್ನುವಾಗ ಆ ‘ನಾವು’ ಯಾರು? ಕ್ಲಬ್ಬು 2010ರಿಂದ ಅಮೆರಿಕದ ಬಂಡವಾಳಗಾರರ ಒಂದು ಸಮೂಹದ ಸ್ವತ್ತು. ಅವರು ಅದನ್ನು ಸುಮಾರು 300 ಮಿಲಿಯನ್ ಪೌಂಡಿಗೆ ಕೊಂಡರು. ಇಂದು ಅದರ ಬೆಲೆ ಅದರ ಹಲವು ಪಟ್ಟು. ಟಿಕೆಟ್ಟಿನ, ಅಂಗಿಯ, ಟಿವಿ ಚಂದಾದ ರೂಪದಲ್ಲಿ ಹಣ ಅಭಿಮಾನಿಯ ಜೇಬಿನಿಂದ ಹೋಗುತ್ತದೆ, ನಿಜ. ಆದರೆ ಬೆಲೆಯೇರಿದ ಕ್ಲಬ್ಬು ನಾಳೆ ಮಾರಾಟವಾದರೆ ಅವನ ಜೇಬಿಗೆ ಏನೂ ಬರುವುದಿಲ್ಲ. ಆದರೂ ಅವನು ಅದೇ ಮಾಲೀಕನ ಖಜಾಂಚಿಯಂತೆ ನಿದ್ದೆಗೆಟ್ಟು ಲೆಕ್ಕ ಹಾಕುತ್ತಾನೆ. ಹಗಲು ತನ್ನ ಕಾರ್ಖಾನೆಯಲ್ಲೋ ಗೋದಾಮಿನಲ್ಲೋ ಸಂಬಳ ಹೆಚ್ಚಿಸಿ ಎಂದು ಯೂನಿಯನ್ ಸಭೆಯಲ್ಲಿ ಕೈ ಎತ್ತಿದವನು, ಸಂಜೆ ಪಬ್ಬಿನಲ್ಲಿ ‘ಅವನಿಗೆ ವಯಸ್ಸು 30 ದಾಟಿತು, ಒಪ್ಪಂದಕ್ಕೆ ಒಂದೇ ವರ್ಷ ಉಳಿದಿದೆ, ಈಗಲೇ ಮಾರಿಬಿಡಬೇಕು’ ಎನ್ನುತ್ತಾನೆ. ಎತ್ತಿಗೆ ಬಾಯಿ ಕೂಡಿದೆಯೋ ಇಲ್ಲವೋ ಎಂದು ನೋಡುವ ಕಣ್ಣು ಅದೇ.

ಇಲ್ಲಿ ಅಭಿಮಾನಿಯನ್ನು ಹಂಗಿಸುವುದು ಸುಲಭ. ನಮ್ಮ ವಲಯದ ಬರಹಗಾರರು, ವಿಶೇಷವಾಗಿ ಎಡ ಪಂಥದ ಗೆಳೆಯರು, ಆಟವೆಂದರೆ ಜನರನ್ನು ಮಲಗಿಸುವ ಮದ್ದು ಎಂದು ಒಂದೇ ಸಾಲಿನಲ್ಲಿ ಮುಗಿಸಿಬಿಡುವುದುಂಟು. ನನಗೆ ಅದು ಸೋಮಾರಿತನದ ಮಾತು ಎನಿಸುತ್ತದೆ. ವರ್ಗಾವಣೆ ಶುಲ್ಕದ ಚರ್ಚೆಯಲ್ಲಿ ಅಪಾರ ಜ್ಞಾನವಿದೆ. ಶಾಲೆ ಬಿಟ್ಟವರು ಸವಕಳಿಯ ಲೆಕ್ಕ ಮಾಡುತ್ತಾರೆ, ಒಪ್ಪಂದದ ಕಲಮುಗಳನ್ನು ಬಿಡಿಸಿ ಹೇಳುತ್ತಾರೆ, ಮುಂದಿನ ಮಾರಾಟದಲ್ಲಿ ಹಳೆಯ ಕ್ಲಬ್ಬಿಗೆ ಎಷ್ಟು ಪಾಲು ಎಂದು ವಾದಿಸುತ್ತಾರೆ. ಮನೆ ಸಾಲದ ಪತ್ರವನ್ನು ಪೂರ್ತಿ ಓದದ ಜನ ಫುಟ್‌ಬಾಲ್ ಕ್ಲಬ್ಬಿನ ಆಯವ್ಯಯ ಓದುತ್ತಾರೆ. ಇಷ್ಟು ಬುದ್ಧಿ, ಇಷ್ಟು ಆಸಕ್ತಿ ಮಾಲೀಕನ ಕುರ್ಚಿಯಲ್ಲಿ ಕೂತಂತೆ ನಟಿಸುವುದಕ್ಕೇ ಏಕೆ ಖರ್ಚಾಗುತ್ತದೆ ಎಂಬುದು ಕೇಳಬೇಕಾದ ಪ್ರಶ್ನೆ.

ಶುಲ್ಕವೆಂದರೇನು ಎಂಬ ಮೂಲಕ್ಕೆ ಹೋಗದೆ ಇದಕ್ಕೆ ಉತ್ತರ ಸಿಗುವುದಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಇಂಗ್ಲಿಷ್ ಲೀಗು ಒಂದು ನಿಯಮ ಮಾಡಿಕೊಂಡಿತು: ಆಟಗಾರನ ನೋಂದಣಿ ಕ್ಲಬ್ಬಿನ ಕೈಯಲ್ಲಿರುತ್ತದೆ. ಒಪ್ಪಂದ ಮುಗಿದರೂ ಕ್ಲಬ್ಬು ನೋಂದಣಿಯನ್ನು ಬಿಟ್ಟುಕೊಡದಿದ್ದರೆ ಅವನು ಬೇರೆಲ್ಲೂ ಆಡುವಂತಿಲ್ಲ; ಸಂಬಳ ಕೊಡಬೇಕೆಂಬ ನಿಯಮವೂ ಇಲ್ಲ. 1901ರಲ್ಲಿ ಇದರ ಮೇಲೆ ವಾರಕ್ಕೆ 4 ಪೌಂಡಿನ ಗರಿಷ್ಠ ಸಂಬಳದ ಮಿತಿ ಬಂತು. ನಾಲ್ಕೇ ವರ್ಷದಲ್ಲಿ, 1905ರಲ್ಲಿ, ಆಲ್ಫ್ ಕಾಮನ್ ಎಂಬ ಆಟಗಾರ ಸಂಡರ್‌ಲೆಂಡಿನಿಂದ ಮಿಡಲ್ಸ್‌ಬ್ರೋಗೆ 1000 ಪೌಂಡಿಗೆ ಹೋದರು. ಆಟಗಾರನಿಗೆ ವಾರಕ್ಕೆ ನಾಲ್ಕು, ಅವನನ್ನು ಬಿಟ್ಟುಕೊಟ್ಟ ಮಾಲೀಕನಿಗೆ ಸಾವಿರ. ಶುಲ್ಕದ ಹುಟ್ಟುಗುಣ ಇಲ್ಲೇ ಕಾಣುತ್ತದೆ.

ಇದನ್ನು ಮುರಿದವರು ನ್ಯಾಯಾಧೀಶರಿಗಿಂತ ಮೊದಲು ಆಟಗಾರರೇ. ಜಿಮ್ಮಿ ಹಿಲ್ ನೇತೃತ್ವದ ಆಟಗಾರರ ಸಂಘ ಮುಷ್ಕರದ ಬೆದರಿಕೆ ಹಾಕಿ 1961ರ ಜನವರಿಯಲ್ಲಿ ಗರಿಷ್ಠ ಸಂಬಳದ ಮಿತಿಯನ್ನು ತೆಗೆಸಿತು. ಆಗ ಅದು ವಾರಕ್ಕೆ 20 ಪೌಂಡು ಇತ್ತು. ಜಾರ್ಜ್ ಈಸ್ಟ್‌ಹ್ಯಾಮ್ ಎಂಬಾತ ನ್ಯೂಕ್ಯಾಸಲ್ ಕ್ಲಬ್ಬನ್ನು ಬಿಡಬೇಕೆಂದಾಗ ಅದು ಬಿಡಲಿಲ್ಲ. ಆತ ತಿಂಗಳುಗಟ್ಟಲೆ ಆಟ ಬಿಟ್ಟು ದಕ್ಷಿಣಕ್ಕೆ ಹೋಗಿ ಕಾರ್ಕ್ ಮಾರುವ ಕೆಲಸ ಮಾಡಿದರು. ಕೊನೆಗೆ ಆರ್ಸೆನಲ್‌ಗೆ ಹೋಗಲು ದಾರಿಯಾದರೂ, ಸಂಘದ ಬೆಂಬಲದಿಂದ ಮೊಕದ್ದಮೆಯನ್ನು ಮುಂದುವರಿಸಿದರು. 1963ರಲ್ಲಿ ನ್ಯಾಯಮೂರ್ತಿ ವಿಲ್ಬರ್‌ಫೋರ್ಸ್ ಆ ಪದ್ಧತಿ ವೃತ್ತಿ ಸ್ವಾತಂತ್ರ್ಯಕ್ಕೆ ಅನುಚಿತವಾದ ಅಡ್ಡಿ ಎಂದು ತೀರ್ಪು ಕೊಟ್ಟರು. ಗುಲಾಮರ ವ್ಯಾಪಾರದ ವಿರುದ್ಧ ಹೋರಾಡಿದ ವಿಲಿಯಂ ವಿಲ್ಬರ್‌ಫೋರ್ಸ್ ಅವರ ವಂಶಸ್ಥರು ಈ ನ್ಯಾಯಮೂರ್ತಿ. ಕಾದಂಬರಿಯಲ್ಲಿ ಬರೆದರೆ ಸಂಪಾದಕರು ‘ಇದು ಸ್ವಲ್ಪ ಅತಿಯಾಯಿತು’ ಎನ್ನುತ್ತಿದ್ದರು.

ಆದರೂ ಒಪ್ಪಂದ ಮುಗಿದ ಮೇಲೂ ಶುಲ್ಕ ಕೇಳುವ ರೂಢಿ ಯುರೋಪಿನಲ್ಲಿ ಉಳಿಯಿತು. 1990ರಲ್ಲಿ ಬೆಲ್ಜಿಯಂನ ಲಿಯೇಜ್ ಕ್ಲಬ್ಬಿನ ಜಾನ್-ಮಾರ್ಕ್ ಬೋಸ್ಮನ್ ಅವರ ಒಪ್ಪಂದ ಮುಗಿಯಿತು. ಕ್ಲಬ್ಬು ಹೊಸ ಒಪ್ಪಂದದಲ್ಲಿ ಸಂಬಳವನ್ನು ಕಾಲು ಭಾಗಕ್ಕೆ ಇಳಿಸಿತು. ಫ್ರಾನ್ಸಿನ ಡಂಕರ್ಕ್‌ಗೆ ಹೋಗುತ್ತೇನೆಂದರೆ ಅದಕ್ಕೂ ಬಿಡಲಿಲ್ಲ. ಐದು ವರ್ಷ ನ್ಯಾಯಾಲಯ ಅಲೆದು, 1995ರ ಡಿಸೆಂಬರ್ 15ರಂದು ಅವರು ಗೆದ್ದರು. ಅಂದಿನಿಂದ ಒಪ್ಪಂದ ಮುಗಿದವನು ಶುಲ್ಕವಿಲ್ಲದೆ ಹೋಗಬಹುದು. ಆ ಗೆಲುವಿನಿಂದ ಸಾವಿರಾರು ಆಟಗಾರರು ಶ್ರೀಮಂತರಾದರು. ಬೋಸ್ಮನ್ ಅವರ ಮುಂದಿನ ಬದುಕು ಮಾತ್ರ ಬಡತನದಲ್ಲಿ, ಕುಡಿತದೊಂದಿಗಿನ ಹೋರಾಟದಲ್ಲಿ ಕಳೆಯಿತು.

ಹಾಗಾಗಿ ಇಂದಿನ ಶುಲ್ಕವೆಂದರೆ ಒಪ್ಪಂದದಲ್ಲಿ ಉಳಿದ ವರ್ಷಗಳ ಬೆಲೆ. ಒಪ್ಪಂದ ಉದ್ದವಿದ್ದಷ್ಟೂ ಬೆಲೆ ಹೆಚ್ಚು. ಸೌತಾಂಪ್ಟನ್ 75 ಕೇಳಲು ಸಾಧ್ಯವಾದದ್ದು ವಾನ್ ಡೈಕ್ ಅವರ ಎತ್ತರದಿಂದ, ಶಾಂತ ಸ್ವಭಾವದಿಂದ, ತಲೆಯಿಂದ ಚೆಂಡು ಹೊಡೆಯುವ ಕೌಶಲದಿಂದ ಮಾತ್ರ ಅಲ್ಲ. ಇನ್ನೂ ನಾಲ್ಕೂವರೆ ವರ್ಷ ಅವರನ್ನು ಕೂಡಿಹಾಕಬಲ್ಲ ಹಕ್ಕಿನಿಂದ. ಈ ಹಕ್ಕೂ ಈಗ ಅಲುಗಾಡುತ್ತಿದೆ. ಲಸಾನಾ ದಿಯಾರಾ ಎಂಬ ಫ್ರೆಂಚ್ ಆಟಗಾರ ಮಾಸ್ಕೋದ ಲೊಕೊಮೊಟಿವ್ ಕ್ಲಬ್ಬಿನಿಂದ 2014ರಲ್ಲಿ ಹೊರಬಿದ್ದಾಗ 10.5 ಮಿಲಿಯನ್ ಯೂರೋ ಪರಿಹಾರ ಕಟ್ಟಬೇಕೆಂದು ಫಿಫಾ ಹೇಳಿತು. ಅವರನ್ನು ಸೇರಿಸಿಕೊಳ್ಳುವ ಹೊಸ ಕ್ಲಬ್ಬೂ ಆ ಸಾಲಕ್ಕೆ ಹೊಣೆಯಾಗಬೇಕಿತ್ತು. ಬೆಲ್ಜಿಯಂನ ಶಾರ್ಲರ್ವಾ ಕ್ಲಬ್ಬು ಹೆದರಿ ಹಿಂದೆ ಸರಿಯಿತು. 2024ರ ಅಕ್ಟೋಬರ್ 4ರಂದು ಯುರೋಪಿನ ನ್ಯಾಯಾಲಯ ಆ ನಿಯಮಗಳು ಒಕ್ಕೂಟದ ಕಾನೂನಿಗೆ ವಿರುದ್ಧ ಎಂದಿತು.

‘ಶುಲ್ಕವಿಲ್ಲದಿದ್ದರೆ ಸಣ್ಣ ಕ್ಲಬ್ಬುಗಳು ಬದುಕುವುದು ಹೇಗೆ?’ ಎಂಬ ಪ್ರಶ್ನೆ ಏಳುತ್ತದೆ, ಏಳಬೇಕು. ಅದರಲ್ಲಿ ತಿರುಳಿದೆ. ವಾನ್ ಡೈಕ್ ಅವರನ್ನು ಮಾರುವಾಗ ಸೆಲ್ಟಿಕ್ ಮುಂದಿನ ಮಾರಾಟದಲ್ಲಿ ಹತ್ತನೆಯ ಒಂದು ಪಾಲು ಬರೆಸಿಕೊಂಡಿತ್ತೆಂದು ವರದಿಯಾಗಿತ್ತು. 2018ರಲ್ಲಿ ಅದು ಸಣ್ಣ ಹಣವಲ್ಲ. ಹುಡುಗನನ್ನು 12ರಿಂದ 23ರ ವಯಸ್ಸಿನವರೆಗೆ ತಯಾರು ಮಾಡಿದ ಕ್ಲಬ್ಬುಗಳಿಗೆ ಶುಲ್ಕದ ಶೇ. 5 ಹಂಚಬೇಕೆಂಬ ಫಿಫಾ ನಿಯಮವೂ ಇದೆ. ಆದರೆ ಆಗ ಆ ನಿಯಮ ಒಂದು ದೇಶದ ಫುಟ್‌ಬಾಲ್ ಸಂಸ್ಥೆಯಿಂದ ಇನ್ನೊಂದಕ್ಕೆ ದಾಟುವ ವರ್ಗಾವಣೆಗೆ ಮಾತ್ರ ಅನ್ವಯಿಸುತ್ತಿತ್ತು. ಗ್ಲಾಸ್ಗೋದಿಂದ ಸೌತಾಂಪ್ಟನ್ನಿಗೆ ಹೋದರೆ ಗಡಿ ದಾಟಿದಂತೆ. ಸೌತಾಂಪ್ಟನ್ನಿನಿಂದ ಲಿವರ್‌ಪೂಲಿಗೆ ಹೋದರೆ ದಾಟಿದಂತಲ್ಲ. ದೊಡ್ಡ ಮೊತ್ತ ಬಂದಾಗ ಮೊದಲು ಬೂಟು ಕಟ್ಟಿಸಿದ ಡಚ್ ಕ್ಲಬ್ಬುಗಳಿಗೆ ಆ ನಿಯಮದ ಆಸರೆ ಇರಲಿಲ್ಲ. ಬೆಳೆಸಿದವರಿಗೆ ಪಾಲು ಸಿಗಲೇಬೇಕು ಎನ್ನುವವನು ನಾನು. ಆದರೆ ಅದನ್ನು ಟಿವಿ ಹಣದ ಹಂಚಿಕೆಯಿಂದ ಕೊಡಬಹುದು. ಆಟಗಾರನ ಕಾಲಿಗೆ ಹಗ್ಗ ಕಟ್ಟಿ, ಬಿಚ್ಚಿದಾಗ ಬಂದ ಹಣದಲ್ಲಿ ಚಿಲ್ಲರೆ ಹಂಚುವುದೊಂದೇ ದಾರಿ ಎಂಬುದನ್ನು ನಾನು ಒಪ್ಪುವುದಿಲ್ಲ.

ಲೆಕ್ಕಪತ್ರದ ಒಂದು ವಿಷಯ ಹೇಳಲೇಬೇಕು. ನಿದ್ದೆ ಬರಿಸುವ ಸಂಗತಿಯೆಂದು ತೋರಿದರೂ ಇಡೀ ಕಥೆಯ ಕೀಲಿ ಅಲ್ಲಿದೆ. ಕೊಂಡ ಆಟಗಾರನ ಶುಲ್ಕವನ್ನು ಕ್ಲಬ್ಬು ಒಂದೇ ವರ್ಷದ ಖರ್ಚೆಂದು ಬರೆಯುವುದಿಲ್ಲ. ಒಪ್ಪಂದದ ವರ್ಷಗಳಿಗೆ ಹಂಚುತ್ತದೆ. 75 ಮಿಲಿಯನ್ನಿಗೆ ಕೊಂಡವನ ಒಪ್ಪಂದ ಐದು ವರ್ಷದ್ದು ಎಂದಿಟ್ಟುಕೊಳ್ಳಿ. ವರ್ಷಕ್ಕೆ 15 ಮಿಲಿಯನ್ನಿನಂತೆ ಅವನ ‘ಪುಸ್ತಕದ ಬೆಲೆ’ ಕರಗುತ್ತದೆ. ಹೆಚ್ಚು ವರ್ಷದ ಒಪ್ಪಂದ ಮಾಡಿದರೆ ವರ್ಷದ ಖರ್ಚು ಕಡಿಮೆ ಕಾಣುತ್ತದೆ. ಚೆಲ್ಸಿ ಕ್ಲಬ್ಬು ಏಳೆಂಟು ವರ್ಷದ ಒಪ್ಪಂದಗಳನ್ನು ಮಾಡತೊಡಗಿದಾಗ, 2023ರಲ್ಲಿ ಈ ಹಂಚಿಕೆಗೆ ಐದು ವರ್ಷದ ಮಿತಿ ಹಾಕಬೇಕಾಯಿತು. ಇನ್ನು, ಊರಿನ ಹುಡುಗನನ್ನು ಆರೇಳು ವರ್ಷದಿಂದ ಸಾಕಿ ಬೆಳೆಸಿದ್ದರೆ? ಅವನಿಗೆ ಯಾವ ಶುಲ್ಕವನ್ನೂ ಕೊಟ್ಟಿಲ್ಲವಾದ್ದರಿಂದ ಪುಸ್ತಕದಲ್ಲಿ ಅವನ ಬೆಲೆ ಸೊನ್ನೆ. ಅವನನ್ನು ಮಾರಿದರೆ ಬಂದದ್ದೆಲ್ಲ ‘ಶುದ್ಧ ಲಾಭ’. ಮೂರು ವರ್ಷದಲ್ಲಿ 105 ಮಿಲಿಯನ್ನಿಗಿಂತ ಹೆಚ್ಚು ನಷ್ಟ ಮಾಡಬಾರದು ಎಂಬ ಲೀಗಿನ ನಿಯಮವನ್ನು ಪಾಲಿಸಲು, ಕ್ಲಬ್ಬುಗಳು ಮೊದಲು ಕೈ ಹಾಕುತ್ತಿದ್ದದ್ದು ಇಂಥ ಮಕ್ಕಳ ಮೇಲೆ. ಚೆಲ್ಸಿ ತಾನೇ ಬೆಳೆಸಿದ ಮೇಸನ್ ಮೌಂಟ್, ಕಾನರ್ ಗ್ಯಾಲಗರ್ ಅವರನ್ನು ಬೆನ್ನುಬೆನ್ನಿಗೆ ಮಾರಿತು. ಅಭಿಮಾನಿ ಯಾರನ್ನು ‘ನಮ್ಮ ಹುಡುಗ’ ಎಂದು ಅಪ್ಪಿಕೊಂಡಿರುತ್ತಾನೋ ಅವನೇ ಲೆಕ್ಕಪತ್ರದಲ್ಲಿ ಮಾರಲು ಎಲ್ಲರಿಗಿಂತ ಯೋಗ್ಯನಾದವನು. ‘ಶುದ್ಧ ಲಾಭ’ ಎಂಬ ಮಾತು ಈಗ ಅಭಿಮಾನಿಗಳ ಬಾಯಲ್ಲೂ ಯಾವ ಸಂಕೋಚವಿಲ್ಲದೆ ಬರುತ್ತದೆ. ನನಗೆ ಈ ಇಡೀ ವಿಷಯದಲ್ಲಿ ಅತ್ಯಂತ ನೋವಿನದೆಂದು ಕಾಣುವುದು ಇದು.

ಇದಕ್ಕೆ ಇನ್ನೊಂದು ಮುಖ ಲಿವರ್‌ಪೂಲಿನಲ್ಲೇ ಕಂಡಿತು. ಟ್ರೆಂಟ್ ಅಲೆಕ್ಸಾಂಡರ್-ಆರ್ನಾಲ್ಡ್ ಅದೇ ಊರಿನವರು, ಆರನೆಯ ವಯಸ್ಸಿನಿಂದ ಅದೇ ಕ್ಲಬ್ಬಿನಲ್ಲಿ ಬೆಳೆದವರು, ವಾನ್ ಡೈಕ್ ಜೊತೆ ಅದೇ ರಕ್ಷಣಾ ಸಾಲಿನಲ್ಲಿ ಆಡಿ ಎಲ್ಲ ದೊಡ್ಡ ಪ್ರಶಸ್ತಿಗಳನ್ನು ಗೆದ್ದವರು. 2025ರಲ್ಲಿ ಒಪ್ಪಂದ ಮುಗಿಯುವವರೆಗೆ ಆಡಿ, ರಿಯಲ್ ಮಡ್ರಿಡ್‌ಗೆ ಹೋಗುವುದಾಗಿ ತೀರ್ಮಾನಿಸಿದರು. ಮೇ ತಿಂಗಳಲ್ಲಿ ಆರ್ಸೆನಲ್ ಎದುರಿನ ಪಂದ್ಯದಲ್ಲಿ ಬದಲಿ ಆಟಗಾರನಾಗಿ ಇಳಿದಾಗ ಸ್ವಂತ ಮೈದಾನದಲ್ಲೇ ಒಂದು ಭಾಗದ ಜನ ‘ಬೂ’ ಎಂದು ಕೂಗಿದರು. ಹೋಗುತ್ತಿದ್ದಾನೆ ಎಂಬ ದುಃಖ ಅರ್ಥವಾಗುತ್ತದೆ. ಆದರೆ ಕೋಪದ ಮಾತುಗಳನ್ನು ಕಿವಿಗೊಟ್ಟು ಕೇಳಿದರೆ ಅಲ್ಲಿದ್ದ ದೊಡ್ಡ ಆರೋಪ ಒಂದೇ: ‘ಪುಕ್ಕಟೆ ಹೋದ’. ಎರಡು ವರ್ಷ ಮೊದಲೇ ಒಪ್ಪಂದ ಮುರಿಸಿಕೊಂಡು ಹೋಗಿದ್ದರೆ ಕ್ಲಬ್ಬಿಗೆ ದುಡ್ಡು ಬರುತ್ತಿತ್ತಂತೆ. ಬರೆದುಕೊಟ್ಟ ಮಾತಿನಂತೆ ಕೊನೆಯ ಋತುವಿನವರೆಗೆ ಆಡಿದ್ದು ದ್ರೋಹವಾಯಿತು. ಬೋಸ್ಮನ್ ಗೆದ್ದುಕೊಟ್ಟ ಹಕ್ಕನ್ನು ಬಳಸಿದವನು ಕಳ್ಳನಂತೆ ಕಂಡ. ಕೆಲಸಗಾರನ ಸ್ವಾತಂತ್ರ್ಯದಿಂದ ಮಾಲೀಕನಿಗಾದ ನಷ್ಟವನ್ನು ತನ್ನ ನಷ್ಟವೆಂದು ಅಭಿಮಾನಿ ಅಳುವುದು ಎಂಥ ಪರಕಾಯ ಪ್ರವೇಶ!

ಅದೂ ಯಾವ ಊರಿನಲ್ಲಿ? 1995ರಿಂದ 1998ರವರೆಗೆ ಬಂದರು ಕಾರ್ಮಿಕರು ಎರಡು ವರ್ಷಕ್ಕೂ ಹೆಚ್ಚು ಕಾಲ ಹೋರಾಡಿದ ಊರು. 1997ರಲ್ಲಿ ರಾಬಿ ಫೌಲರ್ ಗೋಲು ಹೊಡೆದು ಅಂಗಿ ಎತ್ತಿ, ಒಳಗೆ ಧರಿಸಿದ್ದ ಆ ಕಾರ್ಮಿಕರ ಬೆಂಬಲದ ಬನಿಯನ್ನು ತೋರಿಸಿ ದಂಡ ಕಟ್ಟಿದ ಊರು. ಹಿಲ್ಸ್‌ಬರೋ ದುರಂತದಲ್ಲಿ ಸತ್ತ 97 ಜನರ ಹೆಸರಿಗೆ ಅಂಟಿಸಿದ ಮಸಿಯನ್ನು ತೊಳೆಯಲು 27 ವರ್ಷ ಕಾದು, 2016ರಲ್ಲಿ ಅದು ಕಾನೂನುಬಾಹಿರ ಹತ್ಯೆ ಎಂಬ ತೀರ್ಪನ್ನು ಪಡೆದ ಊರು. ಎವರ್ಟನ್ ಮತ್ತು ಲಿವರ್‌ಪೂಲಿನ ಅಭಿಮಾನಿಗಳು ಒಟ್ಟಾಗಿ ಪಂದ್ಯದ ದಿನ ಹಸಿದವರಿಗೆ ಆಹಾರ ಸಂಗ್ರಹಿಸುವ ಊರು. ಇದೇ ಅಭಿಮಾನಿಗಳು 2016ರ ಫೆಬ್ರವರಿಯಲ್ಲಿ, ಟಿಕೆಟ್ ಬೆಲೆ 77 ಪೌಂಡಿಗೆ ಏರಿಸುತ್ತೇವೆ ಎಂದಾಗ, ಸಂಡರ್‌ಲೆಂಡ್ ಎದುರಿನ ಪಂದ್ಯದ 77ನೆಯ ನಿಮಿಷಕ್ಕೆ ಸಾವಿರಾರು ಸಂಖ್ಯೆಯಲ್ಲಿ ಎದ್ದು ಹೊರನಡೆದರು. 2-0 ಮುಂದಿದ್ದ ತಂಡ ಖಾಲಿ ಕುರ್ಚಿಗಳ ಮುಂದೆ 2-2ಕ್ಕೆ ಇಳಿಯಿತು. ನಾಲ್ಕೇ ದಿನದಲ್ಲಿ ಮಾಲೀಕರು ಕ್ಷಮೆ ಕೇಳಿ ಬೆಲೆಯನ್ನು ಹಿಂದೆಗೆದುಕೊಂಡರು. 2021ರ ಏಪ್ರಿಲಿನಲ್ಲಿ ‘ಸೂಪರ್ ಲೀಗ್’ ಎಂಬ ಶ್ರೀಮಂತರ ಕೂಟವನ್ನು ಅಭಿಮಾನಿಗಳು ಎರಡು ದಿನದಲ್ಲಿ ಕೆಡವಿದರು. ಅಂದರೆ ತಾವು ಮಾಲೀಕರಲ್ಲ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿದೆ. ಟಿಕೆಟ್ಟಿನ ಮಾತು ಬಂದಾಗ ಗೊತ್ತಿರುವುದು ಆಟಗಾರನ ಬೆಲೆಯ ಮಾತು ಬಂದಾಗ ಮರೆತುಹೋಗುತ್ತದೆ.

ಏಕೆ ಎಂಬುದಕ್ಕೆ ನನ್ನ ಊಹೆ ಇದು. ಟಿಕೆಟ್ ದರ ಅಭಿಮಾನಿ ಮಾಲೀಕನ ಎದುರು ನಿಲ್ಲುವ ಜಾಗ. ವರ್ಗಾವಣೆಯಾದರೋ, ಕ್ಲಬ್ಬಿನ ಭವಿಷ್ಯವನ್ನು ಕುರಿತು ಅವನು ಕನಸು ಕಾಣಬಹುದಾದ ಒಂದೇ ಜಾಗ. ತರಬೇತುದಾರನನ್ನು ಅವನು ಆರಿಸಲಾರ, ಆಡಳಿತ ಮಂಡಳಿಗೆ ಮತ ಹಾಕಲಾರ. ಬೇಡಿಕೆಯೊಂದನ್ನು ಇಡಲು ಅವನಿಗೆ ಉಳಿದಿರುವ ಭಾಷೆ ‘ಇವನನ್ನು ಕೊಳ್ಳಿ, ಇವನನ್ನು ಮಾರಿ’ ಎಂಬ ಖರೀದಿಯ ಭಾಷೆ. ಭಾಗವಹಿಸುವ ಆಸೆ ನಿಜವಾದದ್ದು. ಅದಕ್ಕೆ ಸಿಕ್ಕ ಮಾತು ಸಾಲ ತಂದದ್ದು.

ನಮ್ಮವರಿಗೆ ಈ ಸ್ಥಿತಿ ಹೊಸದಲ್ಲ. ‘ಅಭಿಮಾನಿ ದೇವರುಗಳು’ ಎಂಬ ಮಾತು ಕೇಳಿ ಬೆಳೆದವರು ನಾವು. 2024ರ ನವೆಂಬರಿನಲ್ಲಿ ಜೆದ್ದಾದಲ್ಲಿ ನಡೆದ ಐಪಿಎಲ್ ಹರಾಜಿನಲ್ಲಿ ರಿಷಭ್ ಪಂತ್ 27 ಕೋಟಿಗೆ ಹೋದಾಗ ದುಬೈನಲ್ಲೂ ಡಲ್ಲಾಸಿನಲ್ಲೂ ಕುಳಿತ ಕನ್ನಡಿಗರು ‘ನಮ್ಮ ಪರ್ಸಿನಲ್ಲಿ ಇನ್ನೆಷ್ಟು ಉಳಿದಿದೆ’ ಎಂದು ಲೆಕ್ಕ ಹಾಕುತ್ತಿದ್ದರು. ಫುಟ್‌ಬಾಲಿನಲ್ಲಿ ಎಷ್ಟೇ ಹಣ ಬಂದರೂ ಆಟಗಾರ ಒಪ್ಪದಿದ್ದರೆ ವರ್ಗಾವಣೆ ಇಲ್ಲ. ಐಪಿಎಲ್ ಹರಾಜಿನಲ್ಲಿ ಸುತ್ತಿಗೆ ಯಾರ ಕಡೆ ಬಿತ್ತೋ ಆ ಊರಿಗೆ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ 11 ಜನ ಅಭಿಮಾನಿಗಳು ಕಾಲ್ತುಳಿತದಲ್ಲಿ ಸತ್ತರು. ಆಟಗಾರನಾದರೂ ಲೆಕ್ಕಪುಸ್ತಕದಲ್ಲಿ ಒಂದು ಆಸ್ತಿ. ‘ನಾವು ಗೆದ್ದೆವು’ ಎಂದು ಬಂದ ಆ ಹುಡುಗ ಹುಡುಗಿಯರು ಯಾರ ಪುಸ್ತಕದ ಯಾವ ಪುಟದಲ್ಲಿದ್ದರು?

ಇನ್ನು ಈ ಸಭಾಂಗಣದಲ್ಲಿರುವ ನಮ್ಮ ವಿಷಯ. ಮಿಲಿಯನ್ ಎಣಿಸುವ ವಾನ್ ಡೈಕ್ ಬಗ್ಗೆ ಮರುಗಬೇಕೆಂದು ನಾನು ಕೇಳುತ್ತಿಲ್ಲ. ಅವರ ಕಾಲಿನ ಹಗ್ಗ ರೇಷ್ಮೆಯದು. ಆದರೆ ಗಂಟು ಹಾಕುವ ವಿಧಾನ ನಮಗೆ ಪರಿಚಿತ. ಮಂಗಳೂರಿನಲ್ಲಿ 1931ರಲ್ಲಿ ಹುಟ್ಟಿದ ವಿಜಯಾ ಬ್ಯಾಂಕಿನ ಅಧಿಕಾರಿಯೊಬ್ಬರು ಮೂರು ವರ್ಷ ತುಂಬುವ ಮೊದಲು ಇನ್ನೊಂದು ಬ್ಯಾಂಕಿಗೆ ಹೋಗಲು 2 ಲಕ್ಷ ರೂಪಾಯಿ ಕಟ್ಟಬೇಕಾಯಿತು. ನೇಮಕಾತಿಯ ಷರತ್ತೇ ಹಾಗಿತ್ತು. ಅದು ವೃತ್ತಿಗೆ ಅಡ್ಡಿಯೆಂದು ಅವರು ಹೂಡಿದ ಮೊಕದ್ದಮೆಯಲ್ಲಿ, 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಆ ಷರತ್ತನ್ನು ಎತ್ತಿಹಿಡಿಯಿತು. ಈಸ್ಟ್‌ಹ್ಯಾಮ್ ಗೆದ್ದು ಅರವತ್ತೆರಡು ವರ್ಷವಾಗಿತ್ತು. ಒಂದು ವ್ಯತ್ಯಾಸ ಗಮನಿಸಿ: ಫುಟ್‌ಬಾಲಿನಲ್ಲಿ ಶುಲ್ಕ ಕೊಡುವುದು ಹೊಸ ಮಾಲೀಕ; ಇಲ್ಲಿ ಕೊಟ್ಟದ್ದು ಸ್ವತಃ ಕೆಲಸಗಾರ. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಿಗೆ ‘ಬಾಂಡ್’ ಬರೆದುಕೊಟ್ಟು ಸೇರಿದವರು ಈ ಸಭೆಯಲ್ಲೂ ಇದ್ದಾರು. ಬ್ರಿಟನ್ನಿನ ಆಸ್ಪತ್ರೆ, ವೃದ್ಧಾಶ್ರಮಗಳಿಗೆ ಬಂದ ವಿದೇಶೀ ದಾದಿಯರಿಂದ, ಮಧ್ಯದಲ್ಲಿ ಬಿಟ್ಟರೆ ಸಾವಿರಾರು ಪೌಂಡು ಕಟ್ಟಬೇಕೆಂದು ಬರೆಸಿಕೊಂಡ ಸಂಗತಿಯನ್ನು ದಾದಿಯರ ಸಂಘ ಎತ್ತಿದೆ. ಕತಾರ್ 2020ರಲ್ಲಿ, ವಿಶ್ವಕಪ್ಪಿನ ಮುಂಚೆ, ಕೆಲಸ ಬದಲಿಸಲು ಹಳೆಯ ಮಾಲೀಕನ ನಿರಾಕ್ಷೇಪಣಾ ಪತ್ರ ಬೇಕೆಂಬ ಕಾನೂನನ್ನು ತೆಗೆಯಿತು. ಕಾಗದದ ಮೇಲೆ ತೆಗೆದದ್ದು ಕೆಲಸದ ಜಾಗದಲ್ಲಿ ಎಷ್ಟು ಜಾರಿಯಾಯಿತು ಎಂಬುದನ್ನು ಅಲ್ಲಿಂದ ಬಂದವರು ಹೇಳಬೇಕು. ಅಮೆರಿಕದಲ್ಲಿ ಎಚ್-1ಬಿ ಮೇಲೆ ಇರುವವರಿಗೂ, ಇಲ್ಲಿ ಪ್ರಾಯೋಜಿತ ವೀಸಾದಲ್ಲಿ ಇರುವವರಿಗೂ ಕೆಲಸ ಹೋದರೆ ಸಿಗುವ ಅವಕಾಶ ಸಾಮಾನ್ಯವಾಗಿ 60 ದಿನ. ಆಟಗಾರನ ‘ನೋಂದಣಿ’ ಎಂದಾಗ ನನಗೆ ನೆನಪಾಗುವುದು ಆ 60 ದಿನ.

2025ರ ಸೆಪ್ಟೆಂಬರಿನಲ್ಲಿ ಅಮೆರಿಕದ ಅಧ್ಯಕ್ಷರು ಹೊಸ ಎಚ್-1ಬಿ ಅರ್ಜಿಗೆ ಒಂದು ಲಕ್ಷ ಡಾಲರ್ ಶುಲ್ಕ ಘೋಷಿಸಿದ ರಾತ್ರಿಯ ಗಾಬರಿ ನಿಮಗೆ ನೆನಪಿದೆ. ಮರುದಿನದ ನಮ್ಮ ಮಾತುಕತೆ ಹೇಗಿತ್ತು? ‘ಯಾರು ಅಷ್ಟು ಬೆಲೆ ಬಾಳುತ್ತಾರೆ, ಯಾರು ಬಾಳುವುದಿಲ್ಲ’. ‘ಒಳ್ಳೆಯ ಎಂಜಿನಿಯರಿಗೆ ಕಂಪನಿ ಕೊಡುತ್ತದೆ ಬಿಡಿ’. ‘ಕಳಪೆ ಸರಕು ಬರುವುದು ನಿಲ್ಲುತ್ತದೆ’. ಇದನ್ನು ಹೇಳಿದವರು ಸ್ವತಃ ಅದೇ ವೀಸಾದಲ್ಲಿ ಬಂದ ಕನ್ನಡಿಗರು. ಪಬ್ಬಿನಲ್ಲಿ ಕುಳಿತು ಡಿಫೆಂಡರಿಗೆ 75 ಹೆಚ್ಚೋ ಕಡಿಮೆಯೋ ಎನ್ನುತ್ತಿದ್ದ ಲಿವರ್‌ಪೂಲಿಗನ ದನಿಗೂ ಇದಕ್ಕೂ ನನಗೆ ವ್ಯತ್ಯಾಸ ಕೇಳಿಸಲಿಲ್ಲ. ಅವನಾದರೂ ಬೇರೆಯವನ ಬೆಲೆ ಕಟ್ಟುತ್ತಿದ್ದ.

ಬೇರೆ ರೀತಿ ಸಾಧ್ಯವೇ ಎಂದು ಕೇಳುವವರಿಗೆ ಅಮೆರಿಕದ ಮಹಿಳಾ ಫುಟ್‌ಬಾಲ್ ಲೀಗನ್ನು ನೋಡಿ ಎನ್ನುತ್ತೇನೆ. ಅಲ್ಲಿನ ಕ್ರೀಡೆಗಳಲ್ಲಿ ಆಟಗಾರರನ್ನು ಕೇಳದೆಯೇ ಒಂದು ಊರಿನಿಂದ ಇನ್ನೊಂದಕ್ಕೆ ಸಾಗಿಸುವ ಪದ್ಧತಿ ಹಳೆಯದು. 2024ರ ಆಗಸ್ಟಿನಲ್ಲಿ ಆ ಲೀಗಿನ ಆಟಗಾರ್ತಿಯರ ಸಂಘ ಹೊಸ ಒಪ್ಪಂದ ಮಾಡಿಕೊಂಡು, ಕಾಲೇಜಿನಿಂದ ಬಂದವರನ್ನು ಸರದಿಯಲ್ಲಿ ಹಂಚಿಕೊಳ್ಳುವ ‘ಡ್ರಾಫ್ಟ್’ ಪದ್ಧತಿಯನ್ನೇ ತೆಗೆಸಿತು; ಆಟಗಾರ್ತಿ ಒಪ್ಪದೆ ಅವಳನ್ನು ಬೇರೆ ತಂಡಕ್ಕೆ ಸಾಗಿಸುವಂತಿಲ್ಲ ಎಂದು ಬರೆಸಿತು. ಕೆಲವೇ ತಿಂಗಳ ನಂತರ, 2025ರ ಜನವರಿಯಲ್ಲಿ, ಇಥಿಯೋಪಿಯಾದ ವಲಸಿಗರ ಮಗಳು, ರಕ್ಷಣಾ ಆಟಗಾರ್ತಿ ನಯೋಮಿ ಗಿರ್ಮಾ ಸ್ಯಾನ್ ಡಿಯೆಗೊದಿಂದ ಚೆಲ್ಸಿಗೆ ಹೋದರು. ಮಹಿಳಾ ಫುಟ್‌ಬಾಲಿನಲ್ಲಿ ಹತ್ತು ಲಕ್ಷ ಡಾಲರ್ ದಾಟಿದ ಮೊದಲ ವರ್ಗಾವಣೆ ಅದು. ಸಂಭ್ರಮದ ಸುದ್ದಿಗಳೆಲ್ಲ ಆ ಮೊತ್ತವನ್ನು ಕುರಿತವು. ಆಗಸ್ಟಿನ ಒಪ್ಪಂದದ ಬಗ್ಗೆ ಎಷ್ಟು ಜನ ಓದಿದ್ದೀರಿ, ಕೈ ಎತ್ತಿ ನೋಡೋಣ. ಅಲ್ಲಿಂದಲೇ ಚರ್ಚೆಯನ್ನು ಶುರುಮಾಡಬಹುದು.